ಗಂಟು ಹೊತ್ತು ನಡೆದವರು

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ಅಕ್ಕನ ಬಳಗದ ಪರವಾಗಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಇವತ್ತಿನ ವಿಷಯ 'ಅನಿಶ್ಚಿತ ಕಾಲದಲ್ಲಿ ಭರವಸೆ' ಎಂದು ಕರಪತ್ರದಲ್ಲಿ ಅಚ್ಚು ಮಾಡಿಸಿದ್ದಾರೆ. ವಿಷಯ ಕೊಟ್ಟವರು ಪೂಜ್ಯರು. ನಾನು ಒಲ್ಲೆ ಎಂದಿದ್ದೆ. ತಿಂಗಳು ತಿಂಗಳು ಪಿಂಚಣಿ ತೆಗೆದುಕೊಳ್ಳುವವಳು ಭರವಸೆಯ ಬಗ್ಗೆ ಮಾತನಾಡುವುದು ಸುಲಭ, ಉಳ್ಳಾಗಡ್ಡಿ ಹಾಕಿ ಮಳೆಗೆ ಕಾಯುವವರ ಮುಂದೆ ಆ ಮಾತು ಒಪ್ಪುವುದಿಲ್ಲ ಎಂದು ಹೇಳಿದೆ. 'ನಿಮ್ಮ ಮನೆಯ ಗಂಟಿನ ಕಥೆ ಹೇಳಿರಿ, ಸಾಕು' ಎಂದರು. ಆ ಕಥೆಯನ್ನು ನಾನು ಇದುವರೆಗೆ ಅವರ ಮುಂದೆ ಬಿಟ್ಟರೆ ಯಾರ ಮುಂದೆಯೂ ಹೇಳಿಲ್ಲ. ಇವತ್ತು ಹೇಳುತ್ತೇನೆ. ಆದರೆ ಮೊದಲು ಬೇರೆ ಗಂಟುಗಳ ಮಾತು ಆಗಬೇಕು.

ಕಾಲ ಹೇಗಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ನಮ್ಮ ಮನೆಗಳೊಳಗೆ ಬಂದಳು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಹೊಕ್ಕಿತ್ತು. ಗೋಡೆ ಒಣಗುವುದರೊಳಗೆ 2020ರಲ್ಲಿ ರೋಗ ಬಂತು, ಸತ್ತವರ ಮುಖವನ್ನೂ ನೋಡಲಾಗಲಿಲ್ಲ. ಅದು ಮುಗಿಯಿತು ಎನ್ನುವಾಗ 2023ರಲ್ಲಿ ಬರ. ಬೆಂಗಳೂರು, ಪುಣೆಯಲ್ಲಿ ದುಡಿಯುವ ಮಕ್ಕಳು ರಾತ್ರಿ ಫೋನ್ ಮಾಡಿದರೆ ಕೆಲಸ ಹೋಯಿತೇನೋ ಎಂದು ತಾಯಂದಿರ ಎದೆ ಹೊಡೆದುಕೊಳ್ಳುತ್ತದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ, 'ಅಕ್ಕೋರ, ಮೊದಲೆಲ್ಲಾ ಕಷ್ಟ ಒಂದಾದ ಮ್ಯಾಲ ಒಂದು ಬರತಿದ್ದೂ. ಈಗ ಎಲ್ಲಾ ಕೂಡೇ ಬರತಾವು' ಎಂದಳು. ನಾನು ಏನೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯ ಮೊದಲು ಓಡುವುದು ಮುಂದಿನದನ್ನು ಹೇಳುವವರ ಕಡೆಗೆ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಮಗನ ಕೆಲಸ ಹೋಯಿತು. ಜ್ಯೋತಿಷಿ ಮನೆಯ ಬಾಗಿಲು ತಿರುಗಿಸಲು ಹೇಳಿದ, ತಿರುಗಿಸಿದರು. ಶಾಂತಿ ಮಾಡಿಸಲು ಹೇಳಿದ, ನಲವತ್ತು ಸಾವಿರ ಖರ್ಚು ಮಾಡಿದರು. ಕೊರಳಲ್ಲಿ ಇಷ್ಟಲಿಂಗ ಇತ್ತು, ಕೈಯಲ್ಲಿ ಪಂಚಾಂಗ. ಅವರನ್ನು ನಗುವ ಸಲುವಾಗಿ ಇದನ್ನು ಹೇಳುತ್ತಿಲ್ಲ. ಹೆದರಿದವರಿಗೆ ಯಾರಾದರೂ ನಾಳೆಯ ಬಗ್ಗೆ ಗಟ್ಟಿಯಾಗಿ ಒಂದು ಮಾತು ಹೇಳಿದರೆ ಸಾಕಾಗಿರುತ್ತದೆ, ಅದು ಸುಳ್ಳಾದರೂ ನಡೆಯುತ್ತದೆ. ಶರಣರು ಕೆಟ್ಟ ವಾರ, ಕೆಟ್ಟ ತಿಥಿ ಎಂಬುದನ್ನು ಒಪ್ಪಲಿಲ್ಲ ಎಂದು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಆದರೆ ಅದರ ಇನ್ನೊಂದು ಮಗ್ಗುಲು ನೋಡಬೇಕು. ಒಳ್ಳೆಯ ಗಳಿಗೆ ಎಂಬುದೂ ಅವರಿಗೆ ಇರಲಿಲ್ಲ. ಅಂದರೆ 'ಈ ಗಳಿಗೆಗೆ ಹೊರಟರೆ ಕೆಲಸ ಆಗೇ ಆಗುತ್ತದೆ' ಎಂಬ ಖಾತ್ರಿಯನ್ನೂ ಅವರು ಬಿಟ್ಟುಕೊಟ್ಟಿದ್ದರು. ಖಾತ್ರಿ ಇಲ್ಲದೆ ಹೊರಟವರು ಅವರು.

ಎಷ್ಟು ಖಾತ್ರಿ ಇಲ್ಲದೆ ಎಂಬುದಕ್ಕೆ ಕಲ್ಯಾಣದ ಕೊನೆಯ ದಿನಗಳನ್ನು ನೆನೆಯಬೇಕು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತು. ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆಯಾಯಿತು. 1167-68ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು. ಊರಿಗೆ ಊರೇ ಉರಿಯಿತು. ಯಾರು ಯಾರನ್ನು ಕೊಂದರು, ಯಾವುದು ಮೊದಲು ಯಾವುದು ನಂತರ ಎಂಬ ಬಗ್ಗೆ ಪುರಾಣಗಳೂ ಇತಿಹಾಸಕಾರರೂ ಬೇರೆ ಬೇರೆ ಹೇಳುತ್ತಾರೆ, ಆ ಚರ್ಚೆ ಇವತ್ತು ಬೇಡ. ನಾನು ಹೇಳಬೇಕಾದದ್ದು ಮರುದಿನದ ಮಾತು. ಅನುಭವ ಮಂಟಪದಲ್ಲಿ ಕೂಡುತ್ತಿದ್ದವರು ಅವತ್ತು ಸೋತಿದ್ದರು. ಇದನ್ನು ನಾವು ಒಪ್ಪಿಕೊಳ್ಳುವುದೇ ಇಲ್ಲ. ಕ್ರಾಂತಿ, ಕ್ರಾಂತಿ ಎಂದು ಜಯಘೋಷ ಹಾಕಿ ಮುಂದೆ ಹೋಗಿಬಿಡುತ್ತೇವೆ. ಆ ರಾತ್ರಿ ಕಲ್ಯಾಣದ ಯಾವುದೋ ಓಣಿಯಲ್ಲಿ ಮಗುವನ್ನು ಬಗಲಲ್ಲಿ ಎತ್ತಿಕೊಂಡು, ಸಾಮಾನು ಏನು ಬಿಡಲಿ ಏನು ಹಿಡಿಯಲಿ ಎಂದು ನಿಂತ ಹೆಣ್ಣುಮಗಳಿಗೆ ಅದು ಕ್ರಾಂತಿಯಾಗಿ ಕಂಡಿರಲಿಕ್ಕಿಲ್ಲ. ನೀರು ಏರುವಾಗ ಮನೆ ಬಿಟ್ಟವರಿಗೆ ಅದು ಗೊತ್ತು.

ಅವರು ಹೋದ ದಾರಿ ನೋಡಿರಿ. ಚೆನ್ನಬಸವಣ್ಣನವರು ಉಳವಿಯ ಕಾಡಿಗೆ. ಗಂಗಾಂಬಿಕೆ ತಾಯಿಯ ಐಕ್ಯಸ್ಥಳ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭೆಯಲ್ಲಿ. ನೀಲಾಂಬಿಕೆಯವರದು ತಂಗಡಗಿಯಲ್ಲಿ, ಕೃಷ್ಣೆಯ ದಂಡೆಗೆ. ಅಕ್ಕನಾಗಮ್ಮನವರದು ತರೀಕೆರೆ ಕಡೆಯ ಎಣ್ಣೆಹೊಳೆಯಲ್ಲಿ. ನುಲಿಯ ಚಂದಯ್ಯನವರದು ಚಿತ್ರದುರ್ಗ ಸೀಮೆಯ ನುಲೇನೂರಿನಲ್ಲಿ. ಪರಂಪರೆ ಹೀಗೆ ಹೇಳುತ್ತದೆ. ನಾವು ಇವನ್ನು ಪುಣ್ಯಕ್ಷೇತ್ರಗಳೆಂದು ಬಸ್ ಮಾಡಿಕೊಂಡು ನೋಡಿ ಬರುತ್ತೇವೆ. ಒಂದು ಸಲ ನಕಾಶೆಯಲ್ಲಿ ಚುಕ್ಕೆ ಇಟ್ಟು ನೋಡಿರಿ. ಅದು ಬೆನ್ನಟ್ಟಿಸಿಕೊಂಡವರು ಓಡಿದ ದಾರಿ. ಬಸವಕಲ್ಯಾಣದಿಂದ ಉಳವಿಗೆ 400 ಕಿಲೋಮೀಟರಿಗೂ ಹೆಚ್ಚು. ನಮ್ಮ ಊರಿನ ಚಕ್ಕಡಿಗಳು ಭಾರತ ಹುಣ್ಣಿಮೆಗೆ ಉಳವಿ ಜಾತ್ರೆಗೆ ಹೋಗುತ್ತವೆ, ದಾರಿಯುದ್ದಕ್ಕೂ ನೀರು, ಊಟ, ನೆರಳು ಕೊಡುವವರಿದ್ದಾರೆ. ಆದರೂ ತಿರುಗಿ ಬರುವುದರೊಳಗೆ ಎತ್ತು ಸೊರಗಿರುತ್ತವೆ. ಅವರು ಹೋದಾಗ ಹಿಂದೆ ಸೈನ್ಯವಿತ್ತು.

ಆ ಓಟದಲ್ಲಿ ಅವರ ಹೆಗಲ ಮೇಲೆ ವಚನದ ಓಲೆಗಳ ಗಂಟುಗಳಿದ್ದವು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ನಾನು ಚಿಕ್ಕವಳಿದ್ದಾಗ ಈ ಮಾತು ಕೇಳಿ ಹೆಮ್ಮೆಪಡುತ್ತಿದ್ದೆ. ಈಗ ವಯಸ್ಸಾದ ಮೇಲೆ ಬೇರೆ ಪ್ರಶ್ನೆ ಬರುತ್ತದೆ. ಕಾಳಿನ ಚೀಲ ಬಿಟ್ಟು ಓಲೆಯ ಗಂಟು ಯಾಕೆ ಹೊತ್ತರು? ಅದನ್ನು ಯಾರು ಓದುತ್ತಾರೆ ಎಂದುಕೊಂಡಿದ್ದರು? ಕೇಳುವ ಮಂಟಪ ಇರಲಿಲ್ಲ, ಕಾಯುವ ರಾಜ್ಯ ಇರಲಿಲ್ಲ. ಮುಂದೆ ಒಂದು ಕಾಲದಲ್ಲಿ ಇದು ಅಚ್ಚಾಗುತ್ತದೆ, ಮಕ್ಕಳ ಪಠ್ಯಪುಸ್ತಕದಲ್ಲಿ ಬರುತ್ತದೆ ಎಂದು ಅವರಿಗೆ ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಇನ್ನೊಂದು ಲೆಕ್ಕ ಇದೆ, ಅದು ನನಗೆ ಬಹಳ ಹಿಡಿಸಿದ್ದು. ಓಲೆಗರಿ ಕಲ್ಲಲ್ಲ. ಕಂಠದಿಂದ ಕೊರೆದು, ಕಪ್ಪು ತಿಕ್ಕಿ, ತೂತಿನಲ್ಲಿ ದಾರ ಪೋಣಿಸಿ, ಎರಡೂ ಕಡೆ ಹಲಗೆ ಇಟ್ಟು ಕಟ್ಟುತ್ತಾರೆ. ಹುಳ ತಿನ್ನುತ್ತದೆ, ಗೆದ್ದಲು ಹತ್ತುತ್ತದೆ, ಥಂಡಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬಿಸಿಲಿಗೆ ಮುರಿಯುತ್ತದೆ. ಕೆಲವು ತಲೆಮಾರು ಕಳೆದರೆ ಗರಿ ಸೋಲುತ್ತದೆ. ಸೋಲುವುದರೊಳಗೆ ಯಾರೋ ಒಬ್ಬರು ಕುಳಿತು ಹೊಸ ಗರಿಗೆ ಅದನ್ನು ಪ್ರತಿ ಮಾಡಬೇಕು. ಕಲ್ಯಾಣ ಚದುರಿದ್ದು 12ನೇ ಶತಮಾನದಲ್ಲಿ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ನೂರೊಂದು ವಿರಕ್ತರು ಎಂದು ನಾವು ಕರೆಯುವ ಹಿರಿಯರು ವಚನಗಳನ್ನು ಹುಡುಕಿ, ಜೋಡಿಸಿ, ಟೀಕೆ ಬರೆದದ್ದು 15ನೇ ಶತಮಾನದಲ್ಲಿ. ನಡುವೆ ಸುಮಾರು 250 ವರ್ಷ. ವಿರಕ್ತರ ಹೆಸರು ನಮಗೆ ಗೊತ್ತು, ಶೂನ್ಯಸಂಪಾದನೆ ಜೋಡಿಸಿದವರ ಹೆಸರು ಗೊತ್ತು. ನಡುವಿನ 250 ವರ್ಷ ಗರಿ ಸೋಲದ ಹಾಗೆ ನೋಡಿಕೊಂಡವರು ಯಾರು? ಯಾವ ಹಟ್ಟಿಯಲ್ಲಿ, ಯಾವ ಎಣ್ಣೆಯ ದೀಪದಲ್ಲಿ ಕುಳಿತು ಬರೆದರು? ಹೆಸರಿಲ್ಲ. ಅವರ ಜೀವಮಾನದಲ್ಲಿ ಅವರು ಕಂಡದ್ದು ಸೋತ ಒಂದು ಚಳವಳಿಯ ಹಳೆಯ ಮಾತುಗಳನ್ನು ಮಾತ್ರ. ಗೆಲುವನ್ನು ಕಾಣಲಿಲ್ಲ. ಅವರ ಮಕ್ಕಳೂ ಕಾಣಲಿಲ್ಲ. ಆದರೂ ಬರೆದರು.

ನನ್ನನ್ನು ಕೇಳಿದರೆ ಭರವಸೆ ಎಂದರೆ ಇದು. ನಾಳೆ ಒಳ್ಳೆಯದಾಗುತ್ತದೆ ಎಂದು ತಿಳಿದುಕೊಳ್ಳುವುದು ಭವಿಷ್ಯ ಕೇಳಿದ ಹಾಗೆ ಆಯಿತು. ಗರಿ ಬರೆದವರಿಗೆ ಅಂಥ ತಿಳಿವಳಿಕೆ ಏನೂ ಇರಲಿಲ್ಲ. ಇವತ್ತಿನ ಗರಿ ಇವತ್ತು ಬರೆಯಬೇಕು ಎಂಬುದಷ್ಟೇ ಗೊತ್ತಿತ್ತು.

ಆಮೇಲೆ ಮತ್ತೆ ಕತ್ತಲೆ. ಗಂಟುಗಳು ಮಠಗಳಿಗೆ, ಮನೆಗಳ ಅಟ್ಟಕ್ಕೆ ಸೇರಿದವು. ವಿಭೂತಿ, ಕುಂಕುಮ ಬಿತ್ತು. ಯಾರೂ ಬಿಚ್ಚಲಿಲ್ಲ. 20ನೇ ಶತಮಾನದ ಮೊದಲ ಎರಡು ದಶಕ ಮುಗಿಯುವ ಹೊತ್ತಿಗೆ ಬಿಜಾಪುರ ಸೀಮೆಯ ಜನ ಏನೆಲ್ಲ ಕಂಡಿದ್ದರು: 1876-78ರ ಭೀಕರ ಬರ, ಅದರ ಹಿಂದೆ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, 1918ರ ಇನ್‌ಫ್ಲುಯೆಂಜಾ. ಅದೂ ರೋಗ, ಬರ ಎಲ್ಲಾ ಕೂಡೇ ಬಂದ ಕಾಲವೇ. ಆ ಕಾಲದಲ್ಲಿ ಒಬ್ಬ ವಕೀಲರು ಆ ಗಂಟುಗಳನ್ನು ಬಿಚ್ಚತೊಡಗಿದರು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಕೀಲಿಯಲ್ಲಿ ದುಡಿದುಕೊಂಡು ಸುಖವಾಗಿ ಇರಬಹುದಿತ್ತು. ಅವರು ಊರೂರು ತಿರುಗಿ ಓಲೆಕಟ್ಟು ಬೇಡಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. ಅಚ್ಚು ಹಾಕಿಸುವ ತಾಪತ್ರಯ ಸಾಕಾಗಿ ಮನೆ ಮಾರಿ 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ. ತಾವು ಬಾಡಿಗೆ ಮನೆಯಲ್ಲಿ. ತೇಪೆ ಹಾಕಿದ ಕೋಟು, ಸೈಕಲ್ಲು. ಈ ಕಥೆ ನಿಮಗೆ ಗೊತ್ತು, ಪ್ರತಿ ಜುಲೈ 2ಕ್ಕೆ ಕೇಳುತ್ತೀರಿ, ಅದಕ್ಕೆ ಬೆಳೆಸುವುದಿಲ್ಲ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಹಳಕಟ್ಟಿಯವರನ್ನು ತ್ಯಾಗಿ ಎಂದು ಹೊಗಳಿ ಕೈ ಮುಗಿದು ಬಿಡುವುದು ನಮಗೆ ಅನುಕೂಲ. ತ್ಯಾಗ ಮಾಡುವುದು ಅವರ ಕೆಲಸ, ಕೈ ಮುಗಿಯುವುದು ನಮ್ಮದು! ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭಿಸಿದರು. ಓಲೆಕಟ್ಟು ಬಿಚ್ಚಿದ ಕೈಗಳೇ ಬಡ್ಡಿಯ ಲೆಕ್ಕವನ್ನೂ ನೋಡಿದವು. ಜನ ಸಾಹುಕಾರರ ಸಾಲದಲ್ಲಿ ಮುಳುಗಿದ್ದಾಗ ಬರೀ ಗ್ರಂಥ ಕೊಟ್ಟರೆ ಆಗುವುದಿಲ್ಲ ಎಂದು ಆ ಮನುಷ್ಯರಿಗೆ ಗೊತ್ತಿತ್ತು. ಇದನ್ನು ನಮ್ಮ ಭಾಷಣಕಾರರು ಕಡಿಮೆ ಹೇಳುತ್ತಾರೆ.

ಆ ಕೆಲಸವನ್ನು ಮುಂದೆ ಅನೇಕರು ಹೊತ್ತರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು, 15 ಸಂಪುಟ. ಪ್ರಧಾನ ಸಂಪಾದಕರು ಡಾ. ಎಂ.ಎಂ. ಕಲಬುರ್ಗಿಯವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಅವರ ಮನೆಯ ಬಾಗಿಲಲ್ಲೇ ಗುಂಡು ಹಾರಿಸಿ ಕೊಂದರು. ಆ ಬಡಾವಣೆಯ ಹೆಸರು ಕಲ್ಯಾಣನಗರ. ಆ ದಿನ ಸುದ್ದಿ ಕೇಳಿ ನಾನು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಎಂಟು ನೂರು ವರ್ಷವಾದರೂ ಏನೂ ಬದಲಾಗಿಲ್ಲ ಎನಿಸಿತು. ಹಾಗೆ ಅನಿಸಬಾರದು ಎಂದು ನಿಮಗೆ ನಾನು ಹೇಳುವುದಿಲ್ಲ, ಅನಿಸುತ್ತದೆ. ಸಂಜೆ ಆ ಸಂಪುಟ ತೆಗೆದು ಓದಲು ಕುಳಿತೆ. ಓದು ಮುಂದೆ ಸಾಗಲಿಲ್ಲ. ಆದರೆ ಪುಸ್ತಕ ಕೈಯಲ್ಲಿತ್ತು. ಕೊಂದವರು ಅದನ್ನು ಏನೂ ಮಾಡಲಾಗಲಿಲ್ಲ.

ಈಗ ನಮ್ಮ ಮನೆಯ ಮಾತು.

ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯ ನಾಗೊಂದಿಗೆಯ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಓಲೆಕಟ್ಟು ಇತ್ತು. ಶ್ರಾವಣ ಸೋಮವಾರ ಅತ್ತೆಯವರು ಅದನ್ನು ಇಳಿಸಿ ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕೈ ಮುಗಿದು ಮತ್ತೆ ಮೇಲಿಡುತ್ತಿದ್ದರು. 'ಇದರಾಗ ಏನೈತ್ರಿ ಅತ್ತೀ?' ಎಂದು ಕೇಳಿದೆ. 'ಶರಣರ ಮಾತು ಐತವ್ವ. ಬಿಚ್ಚಬಾರದು' ಎಂದರು. ಅವರಿಗೆ ಓದು ಬರುತ್ತಿರಲಿಲ್ಲ, ಅವರದು ತಪ್ಪಲ್ಲ. ನನಗೆ ಬರುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೆ. ಹಳಕಟ್ಟಿಯವರ ಪಾಠವನ್ನೂ ಮಾಡಿದೆ, ಅವರು ಮನೆ ಮನೆಗೆ ಹೋಗಿ ಓಲೆಕಟ್ಟು ಬೇಡಿದ್ದನ್ನು ಮಕ್ಕಳಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳಿದೆ. ಸಂಜೆ ಮನೆಗೆ ಬಂದು ಆ ನಾಗೊಂದಿಗೆಯ ಕೆಳಗೇ ಕುಳಿತು ಚಹಾ ಕುಡಿದೆ. ಅತ್ತೆಯವರು ತೀರಿಕೊಂಡ ಮೇಲೆ ನಾನೂ ವಿಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ನಿವೃತ್ತಿಯಾದ ಮೇಲೆ ಬಿಚ್ಚಿ ನೋಡಬೇಕು, ಧಾರವಾಡಕ್ಕೆ ಒಯ್ದು ತಿಳಿದವರಿಗೆ ತೋರಿಸಬೇಕು ಎಂದುಕೊಂಡಿದ್ದೆ. ನಿವೃತ್ತಿಯೂ ಆಯಿತು. ಮುಂದಿನ ವಾರ, ಮುಂದಿನ ತಿಂಗಳು.

2019ರ ಆಗಸ್ಟಿನಲ್ಲಿ ಡಂಗುರ ಹಾಕಿದಾಗ ನಾವು ಕಾಗದಪತ್ರ, ಬಂಗಾರ, ಎರಡು ಚೀಲ ಜೋಳ, ಟಿ.ವಿ. ಎತ್ತಿಕೊಂಡೆವು. ಹೌದು, ಟಿ.ವಿ. ಎತ್ತಿಕೊಂಡೆವು. ನೀರು ಇಳಿದ ಮೇಲೆ ಬಂದು ನೋಡಿದರೆ ಆ ಕಡೆಯ ಮಣ್ಣಿನ ಗೋಡೆ ಇರಲಿಲ್ಲ. ನಾಗೊಂದಿಗೆ ಇರಲಿಲ್ಲ. ಕೆಸರಿನಲ್ಲಿ ಕೆಂಪು ಅರಿವೆಯ ಒಂದು ತುಂಡು ಸಿಕ್ಕಿತು. ಅದು ಆ ಅರಿವೆಯೇ ಹೌದೋ ಅಲ್ಲವೋ, ಈಗಲೂ ನನಗೆ ನಿಶ್ಚಯವಿಲ್ಲ.

ಅದರಲ್ಲಿ ಏನಿತ್ತು? ಅಚ್ಚಾದ ವಚನಗಳೇ ಇದ್ದಿರಬಹುದು. ಯಾವುದೋ ಪುರಾಣ ಇದ್ದಿರಬಹುದು. ಬರೀ ದನದ ಔಷಧದ ಚೀಟಿಗಳೂ ಇದ್ದಿರಬಹುದು. ಅಥವಾ ಎಲ್ಲಿಯೂ ಇಲ್ಲದ ಒಂದು ಮಾತು ಇದ್ದಿರಬಹುದು. ಯಾರೋ ಅದನ್ನು ಓಡುತ್ತ ಹೊತ್ತು ತಂದಿದ್ದರು, ಯಾರೋ ಕಣ್ಣು ನೋಯಿಸಿಕೊಂಡು ಪ್ರತಿ ಮಾಡಿದ್ದರು. ನಾನು, ಅಕ್ಷರ ಬಲ್ಲವಳು, ಕೈ ಮುಗಿದೆ. ನದಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಗಂಜಿ ಕೇಂದ್ರ ಇದ್ದದ್ದು ಶಾಲೆಯಲ್ಲಿ, ನಾನು ಪಾಠ ಮಾಡಿದ ಕೋಣೆಯಲ್ಲೇ. ಯಾವ ಯಾವ ಓಣಿಯವರೋ ಒಂದೇ ಜಮಖಾನೆಯ ಮೇಲೆ ಮಲಗಿದ್ದೆವು. ಊಟದ ಪಂಕ್ತಿಯಲ್ಲಿ ಯಾರೂ ಯಾರ ಒಳಪಂಗಡ ಕೇಳಲಿಲ್ಲ. (ಮೂರು ತಿಂಗಳಾದ ಮೇಲೆ ಮದುವೆಯ ಮಾತು ಬಂದಾಗ ಮತ್ತೆ ಕೇಳಿದರು. ಅದನ್ನೂ ಹೇಳಿಬಿಡಬೇಕು.) ಎರಡನೆಯ ರಾತ್ರಿ ಮಕ್ಕಳು ಅಳುತ್ತಿದ್ದವು, ಕರೆಂಟು ಇರಲಿಲ್ಲ. ಕುಂಬಾರ ಓಣಿಯ ಒಬ್ಬ ಅಜ್ಜಿ ಕತ್ತಲೆಯಲ್ಲೇ ಹಾಡಲು ಸುರು ಮಾಡಿದಳು. ವಚನಗಳು. ಒಂದು ಮುಗಿದರೆ ಇನ್ನೊಂದು. ಹೆಬ್ಬೆಟ್ಟು ಒತ್ತುವ ಅಜ್ಜಿ. 'ಎಲ್ಲಿ ಕಲ್ತಿ ಯಮ್ಮಾ?' ಎಂದು ಬೆಳಿಗ್ಗೆ ಕೇಳಿದರೆ, 'ನಮ್ಮವ್ವ ಅಂತಿದ್ಲು. ಗ್ವಾಡಿ ಕಟ್ಟೂಮುಂದ, ಕಳೆ ತಗಿಯೂಮುಂದ' ಎಂದಳು. ಶಾಲೆಯ ಕಪಾಟಿನಿಂದ ಒಂದು ಹಾಜರಿ ಪುಸ್ತಕ ತೆಗೆದುಕೊಂಡು ನಾನು ಬರೆಯತೊಡಗಿದೆ. ಹನ್ನೊಂದು ದಿನ ಅಲ್ಲಿದ್ದೆವು. 60ರ ಮೇಲೆ ಬರೆದೆ. ಆಮೇಲೆ ಸಂಪುಟಗಳ ಜೊತೆ ಕೂಡಿಸಿ ನೋಡಿದೆ. ಬಹಳಷ್ಟು ಅದರಲ್ಲಿವೆ, ಅಲ್ಲಲ್ಲಿ ಮಾತು ಹಿಂದೆ ಮುಂದೆ ಆಗಿದೆ. ಎರಡು ಮಾತ್ರ ನನಗೆ ಎಲ್ಲಿಯೂ ಸಿಕ್ಕಿಲ್ಲ. ಅವು ವಚನಗಳೋ, ನಂತರದ ಯಾರದೋ ತತ್ವಪದಗಳೋ ತಿಳಿದವರು ಹೇಳಬೇಕು.

ಅಜ್ಜಿ 2020ರಲ್ಲಿ ಹೋದಳು. ಬರೆಯಬೇಕಾದದ್ದು ಇನ್ನೂ ಇತ್ತು.

ಶರಣ ಬಂಧುಗಳೇ, ಈ ಕಥೆ ಕೇಳಿ ಪೂಜ್ಯರು ಒಂದು ಕೆಲಸ ಹಚ್ಚಿದ್ದಾರೆ. ಬರುವ ಅಮಾವಾಸ್ಯೆಯ ಗೋಷ್ಠಿಗೆ ಉಪನ್ಯಾಸ ಇಲ್ಲ. ಯಾರ ಮನೆಯ ಅಟ್ಟದಲ್ಲಿ, ಜಗಲಿಯಲ್ಲಿ, ಪೆಟ್ಟಿಗೆಯಲ್ಲಿ ಓಲೆಕಟ್ಟು, ಕೈಬರಹದ ಹಳೆಯ ಪುಸ್ತಕ, ಬಹಿ ಇವೆಯೋ ಅವರು ಅವನ್ನು ಮಠಕ್ಕೆ ತರಬೇಕು. ನಿಮ್ಮದು ನಿಮಗೇ ತಿರುಗಿ ಕೊಡುತ್ತೇವೆ, ಮಠ ಇಟ್ಟುಕೊಳ್ಳುವುದಿಲ್ಲ. ಕಾಲೇಜಿನ ಹುಡುಗರು ಒಂದೊಂದೇ ಗರಿಯ ಫೋಟೋ ತೆಗೆಯುತ್ತಾರೆ. ಓದಲು ಬರದ ಲಿಪಿಯಿದ್ದರೆ ಧಾರವಾಡದ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬಲ್ಲವರಿದ್ದಾರೆ, ಅವರನ್ನು ಕೇಳೋಣ. ಮನೆಯಲ್ಲಿ ಹಾಡು ಬಲ್ಲ ಅಜ್ಜ, ಅಜ್ಜಿಯರಿದ್ದರೆ ಅವರನ್ನೂ ಕರೆತನ್ನಿರಿ. ನಡೆಯಲಾಗದಿದ್ದರೆ ಹೇಳಿಕಳಿಸಿರಿ, ನಾವೇ ಮನೆಗೆ ಬರುತ್ತೇವೆ. ಅಕ್ಕನ ಬಳಗದವರು ನಾಲ್ಕು ಜನ ಬರೆಯಲು ಒಪ್ಪಿದ್ದಾರೆ.

ತರುವಾಗ ನೆನಪಿರಲಿ. ನೀರಿನಿಂದ ಒರೆಸಬೇಡಿರಿ. ಬಿಸಿಲಿಗೆ ಒಣ ಹಾಕಬೇಡಿರಿ. ಗರಿ ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿರಿ. ವಿಭೂತಿ, ಕುಂಕುಮ ಇನ್ನು ಮೇಲೆ ಬೇಡ. ಒಣ ಹತ್ತಿಯ ಅರಿವೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಅಡ್ಡ ಹಿಡಿದು ತನ್ನಿರಿ. ಸೈಕಲ್ ಮೋಟಾರಿನ ಹಿಂದೆ ಕಟ್ಟಿಕೊಂಡು ಬರಬೇಡಿರಿ, ನಮ್ಮ ಊರಿನ ರಸ್ತೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಸುರು. ಪ್ರಸಾದದ ವ್ಯವಸ್ಥೆ ಇದೆ.